ಡಿವಿಡಿ ರೈಟರ್ ಕೊಳ್ಳುವಾಗ ಮೊದಲು ಕರೆಂಟಿನ ಲೆಕ್ಕ ನೋಡಿ

ನಮಸ್ಕಾರ. ಲ್ಯಾಪ್‌ಟಾಪ್‌ಗಳಿಂದ ಡಿಸ್ಕ್ ಹಾಕುವ ಜಾಗ ಹೋಗಿ ವರ್ಷಗಳೇ ಆದವು. ಆದರೆ ಡಿಸ್ಕ್‌ಗಳು ಇನ್ನೂ ನಮ್ಮ ಮನೆಗಳಲ್ಲಿವೆ. ಎಂಆರ್‌ಐ ಮಾಡಿಸಿದರೆ ಕೈಗೆ ಸಿಡಿ ಕೊಡುವ ಸ್ಕ್ಯಾನಿಂಗ್ ಸೆಂಟರ್‌ಗಳಿವೆ. ಕೋರ್ಟಿಗೆ ಆಡಿಯೋ, ವಿಡಿಯೋ ಸಲ್ಲಿಸಲು ಸಿಡಿ ಮಾಡಿಸುವ ವಕೀಲರಿದ್ದಾರೆ. ಅಪ್ಪ-ಅಮ್ಮನ ಮದುವೆ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿದವರು ಒಂದು ಕಾಪಿ ಡಿಸ್ಕಿನಲ್ಲೂ ಇರಲಿ ಅಂತಾರೆ. ಆಗ ಬೇಕಾಗೋದು ಎಕ್ಸ್‌ಟರ್ನಲ್ ಡಿವಿಡಿ ರೈಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ, ಆನ್‌ಲೈನಲ್ಲಿ ಹುಡುಕಿ, ಮೊದಲು ತಲೆ ಕೆಡಿಸೋದು ಒಂದೇ ಪ್ರಶ್ನೆ. ಕಂಪ್ಯೂಟರಿಗೆ ಜೋಡಿಸುವ ಕನೆಕ್ಷನ್ ಹಳೇ ಯುಎಸ್‌ಬಿ 2.0 ತಗೊಳ್ಳೋದಾ, ಅದಕ್ಕಿಂತ ವೇಗದ 3.0 ತಗೊಳ್ಳೋದಾ, ಟೈಪ್-ಸಿ ತಗೊಳ್ಳೋದಾ?

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಡಿವಿಡಿ ಬರೆಯಲು ವೇಗದ ಕನೆಕ್ಷನ್ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಆ ಕೇಬಲ್ಲಿನಲ್ಲಿ ಡ್ರೈವಿಗೆ ಸಾಕಷ್ಟು ಕರೆಂಟು ಬರುತ್ತದಾ ಅಂತ ನೋಡಿ. ಡಿಸ್ಕ್ ಹಾಳಾಗೋದು ಹೆಚ್ಚಾಗಿ ಅಲ್ಲೇ. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರೋದು ವೇಗ ಮಾತ್ರ.

ಲೆಕ್ಕ ಹಾಕೋಣ. ಡಿವಿಡಿಯಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. ಪುಟ್ಟ ಸ್ಲಿಮ್ ರೈಟರ್‌ಗಳು ಸಾಮಾನ್ಯವಾಗಿ 8ಎಕ್ಸ್‌ನಲ್ಲಿ ಬರೆಯುತ್ತವೆ, ಅಂದರೆ ಸೆಕೆಂಡಿಗೆ 11 ಎಂಬಿ. ಯುಎಸ್‌ಬಿ 2.0 ಬಂದದ್ದು 2000ದಲ್ಲಿ. ಕಾಗದದ ಮೇಲೆ ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ (ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ). ನಿಜವಾದ ಬಳಕೆಯಲ್ಲಿ 30 ಎಂಬಿ ಆಸುಪಾಸು ಸಿಗುತ್ತದೆ. ಬೇಕಾಗಿರೋದು 11, ಸಿಗೋದು 30. ಅದೇ ಸ್ಲಿಮ್ ಡ್ರೈವಿಗೆ 3.0 ಕನೆಕ್ಷನ್ ಕೊಟ್ಟರೂ ಡಿಸ್ಕ್ ಒಂದು ನಿಮಿಷ ಕೂಡ ಬೇಗ ಮುಗಿಯಲ್ಲ. ತಡ ಆಗ್ತಿರೋದು ಕೇಬಲ್ಲಿನಲ್ಲಲ್ಲ, ಲೇಸರ್ ಮತ್ತು ತಿರುಗುವ ಡಿಸ್ಕಿನಲ್ಲಿ.

ವೇಗದ ಚಿಂತೆಗೆ ಒಂದು ಕಾಲದಲ್ಲಿ ಅರ್ಥ ಇತ್ತು, ಅದನ್ನೂ ಹೇಳಬೇಕು. ಯುಎಸ್‌ಬಿ 1.1ರಲ್ಲಿ ಸೆಕೆಂಡಿಗೆ ಒಂದು ಎಂಬಿ ಬಂದರೆ ಅದೇ ದೊಡ್ಡದು. ಅದರಲ್ಲಿ ಡಿವಿಡಿಯನ್ನು 1ಎಕ್ಸ್‌ನಲ್ಲೂ ಸರಾಗವಾಗಿ ಬರೆಯಲು ಆಗುತ್ತಿರಲಿಲ್ಲ. ಸಿಡಿ ಬರೆಯುವಾಗಲೂ ಎದೆ ಢವಢವ ಅನ್ನುತ್ತಿತ್ತು. ಡೇಟಾ ನಡುವೆ ಒಂದು ಕ್ಷಣ ನಿಂತರೆ ಸಾಕು, ಆ ಡಿಸ್ಕ್ ಕಸದ ಬುಟ್ಟಿಗೆ. ಇದಕ್ಕೆ ಬಫರ್ ಅಂಡರ್‌ರನ್ ಅನ್ನುತ್ತಿದ್ದರು. ಸಿಡಿ ಬರೆಯುವಾಗ ಮೌಸ್ ಮುಟ್ಟಬೇಡ ಅಂತ ಹುಡುಗರನ್ನು ಗದರಿಸುತ್ತಿದ್ದ ಕಾಲ ಅದು. 2000ದ ಸುಮಾರಿಗೆ ಸಾನ್ಯೋ ಕಂಪನಿ ಬರ್ನ್-ಪ್ರೂಫ್ ಅನ್ನುವ ತಂತ್ರ ತಂದಿತು. ಡೇಟಾ ನಿಂತರೆ ಲೇಸರ್ ಕೂಡ ನಿಲ್ಲುತ್ತದೆ. ಡೇಟಾ ಮತ್ತೆ ಬಂದಾಗ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಬರೆಯಲು ಶುರು ಮಾಡುತ್ತದೆ. ಬೇರೆ ಕಂಪನಿಗಳೂ ಇಂಥದ್ದನ್ನು ತಂದವು. ಡೇಟಾ ನಿಧಾನ ಆಗುವ ಸಮಸ್ಯೆ ಅಲ್ಲಿಗೆ ಮುಗಿಯಿತು.

ಆದರೆ ಈ ರಕ್ಷಣೆ ಕೆಲಸ ಮಾಡಬೇಕಾದರೂ ಡ್ರೈವಿನಲ್ಲಿ ಕರೆಂಟು ಇರಬೇಕು, ಅಲ್ವಾ? ವೋಲ್ಟೇಜ್ ಕುಸಿದು ಡ್ರೈವೇ ರೀಸೆಟ್ ಆದರೆ ಯಾವ ತಂತ್ರವೂ ಕಾಪಾಡಲ್ಲ. ಕಂಪ್ಯೂಟರಿನಿಂದ ಟಿಂಗ್ ಅಂತ ಶಬ್ದ ಬರುತ್ತದೆ, ಡ್ರೈವ್ ಮಾಯ ಆಗುತ್ತದೆ, ಅರ್ಧ ಬರೆದ ಡಿಸ್ಕ್ ಒಳಗೇ ಉಳಿಯುತ್ತದೆ.

ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡೋದು 5 ವೋಲ್ಟಿನಲ್ಲಿ 500 ಮಿಲಿಆಂಪ್. 3.0 ಪೋರ್ಟ್ 900 ಕೊಡುತ್ತದೆ. ಈಗ ಸ್ಲಿಮ್ ಡ್ರೈವಿನ ಅಡಿಯಲ್ಲಿರುವ ಲೇಬಲ್ ಓದಿ. 1 ಆಂಪ್‌ಗಿಂತ ಜಾಸ್ತಿ ಬರೆದಿರೋದು ತೀರಾ ಸಾಮಾನ್ಯ. ಅಷ್ಟೂ ಕರೆಂಟನ್ನು ಅದು ಸದಾ ಎಳೆಯಲ್ಲ. ನಿಂತಿರುವ ಡಿಸ್ಕನ್ನು ತಿರುಗಿಸಲು ಮೋಟಾರ್ ಶುರು ಆದಾಗ ಎಳೆಯುತ್ತದೆ, ಲೇಸರ್ ಬರೆಯುವಾಗ ಎಳೆಯುತ್ತದೆ. ಓದುವಾಗ ಲೇಸರ್ ಬರೀ ಬೆಳಕು ಬಿಟ್ಟು ನೋಡುತ್ತದೆ. ಬರೆಯುವಾಗ ಡಿಸ್ಕಿನ ಬಣ್ಣದ ಪದರವನ್ನು ಬಿಸಿ ಮಾಡಿ ಗುರುತು ಮೂಡಿಸಬೇಕು. ಅದಕ್ಕೆ ಎಷ್ಟೋ ಪಟ್ಟು ಜಾಸ್ತಿ ಶಕ್ತಿ ಬೇಕು.

"ಸಿನಿಮಾ ಚೆನ್ನಾಗಿ ಪ್ಲೇ ಆಗುತ್ತೆ ಸಾರ್, ಆದರೆ ರೈಟ್ ಆಗ್ತಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಪಾಪ, ಜನ ಡ್ರೈವ್ ಕೆಟ್ಟಿದೆ ಅಂತ ವಾಪಸ್ ಕೊಡುತ್ತಾರೆ. ಇಲ್ಲವೇ ಖಾಲಿ ಡಿಸ್ಕಿನ ಕಂಪನಿಯನ್ನು ಬೈಯುತ್ತಾರೆ. ಪೋರ್ಟ್ ಬದಲಿಸಿ ನೋಡಿ ಅಂತ ಅಂಗಡಿಯವರು ಹೇಳುವುದು ಕಡಿಮೆ. ನನಗೆ ಇದು ನಿಜವಾಗಲೂ ಬೇಜಾರು ತರಿಸುವ ವಿಷಯ. ಒಂದು ಮಾತಿನಲ್ಲಿ ಮುಗಿಯಬಹುದಾದ ತೊಂದರೆಗೆ ಜನ ಹೊಸ ಡ್ರೈವ್ ಕೊಳ್ಳುತ್ತಿದ್ದಾರೆ.

ಹಾಗಾದರೆ 3.0 ಬೇಕಾ? ಬೇಕು, ನಿಮ್ಮ ಲ್ಯಾಪ್‌ಟಾಪ್‌ನ ಬದಿಯಲ್ಲಿ. ಡ್ರೈವ್ 2.0 ಆಗಿದ್ದರೂ ಅದನ್ನು 3.0 ಪೋರ್ಟಿಗೇ ಹಾಕಿ. ಸಾಮಾನ್ಯವಾಗಿ ಅದರೊಳಗೆ ನೀಲಿ ಪ್ಲಾಸ್ಟಿಕ್ ಇರುತ್ತದೆ, ಅಥವಾ ಪಕ್ಕದಲ್ಲಿ ಎಸ್‌ಎಸ್ ಅಂತ ಗುರುತು ಇರುತ್ತದೆ. ಜಾಸ್ತಿ ಕರೆಂಟು ಕೊಡಲು ಕಟ್ಟಿದ ಪೋರ್ಟ್ ಅದು. ಹಳೇ ಕಂಪ್ಯೂಟರ್, 2.0 ಪೋರ್ಟ್ ಮಾತ್ರ ಇದೆ ಅಂದರೆ ಎರಡು ತಲೆಯ ವೈ-ಕೇಬಲ್ ಇರುವ ಡ್ರೈವ್ ಹುಡುಕಿ. ಒಂದು ತಲೆಯಲ್ಲಿ ಡೇಟಾ ಮತ್ತು ಕರೆಂಟು, ಇನ್ನೊಂದರಲ್ಲಿ ಕರೆಂಟು ಮಾತ್ರ. ನೋಡೋಕೆ ಚೆಂದ ಇಲ್ಲ, ಆದರೆ ಕೆಲಸ ಆಗುತ್ತದೆ.

ಕೇಬಲ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದನ್ನು ಯಾರೂ ಗಮನಿಸಲ್ಲ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಕೊನೇ ಮನೆಯ ಬಲ್ಬು ಮಂಕಾಗಿ ಉರಿಯೋದು ನೋಡಿದ್ದೀರಲ್ಲ, ಇಲ್ಲೂ ಅದೇ ಕಥೆ. ತೆಳ್ಳಗಿನ ಉದ್ದ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಪೋರ್ಟಿನಲ್ಲಿ 5 ವೋಲ್ಟ್ ಇದ್ದರೂ ಡ್ರೈವ್ ತಲುಪುವಷ್ಟರಲ್ಲಿ ಅಷ್ಟು ಉಳಿದಿರಲ್ಲ. ಆದ್ದರಿಂದ ಡ್ರೈವ್ ಜೊತೆ ಬಂದ ಗಿಡ್ಡ ಕೇಬಲ್ಲನ್ನೇ ಬಳಸಿ. ಎಕ್ಸ್‌ಟೆನ್ಶನ್ ಕೇಬಲ್ ಬೇಡವೇ ಬೇಡ. ಒಂದು ಪೋರ್ಟನ್ನು ಹಲವು ಪೋರ್ಟ್ ಮಾಡುವ ಹಬ್, ಗೋಡೆಗೆ ಹಾಕುವ ಅಡಾಪ್ಟರ್ ಇಲ್ಲದ್ದಾದರೆ, ಅದೂ ಬೇಡ. ಅಂಥ ಹಬ್‌ನಲ್ಲಿ ಮೌಸ್, ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲವೂ ಒಂದೇ ಪೋರ್ಟಿನ ಕರೆಂಟನ್ನು ಹಂಚಿಕೊಂಡಿರುತ್ತವೆ.

ಈಗ ಟೈಪ್-ಸಿ. ಟೈಪ್-ಸಿ ಅನ್ನೋದು ತುದಿಯ ಆಕಾರ ಮಾತ್ರ, ಅದರಿಂದ ವೇಗ ಗೊತ್ತಾಗಲ್ಲ. ಸಿ ತುದಿ ಇದ್ದು ಒಳಗೆ ಯುಎಸ್‌ಬಿ 2.0 ಇರುವ ಡ್ರೈವ್‌ಗಳು ಬೇಕಾದಷ್ಟಿವೆ. ಡಿವಿಡಿಗೆ ಅದರಿಂದ ನಷ್ಟ ಏನೂ ಇಲ್ಲ. ಆದರೆ ವೇಗ ಸಿಗುತ್ತದೆ ಅಂತ ನಂಬಿಸಿ ಜಾಸ್ತಿ ಬೆಲೆ ಕೇಳಿದರೆ ಕೊಡಬೇಡಿ. ಸಿ ಪೋರ್ಟಿನ ನಿಜವಾದ ಲಾಭ ಬೇರೆ. 5 ವೋಲ್ಟಿನಲ್ಲೇ 1.5 ಆಂಪ್ ಅಥವಾ 3 ಆಂಪ್ ತನಕ ಕೊಡಲು ಆ ನಿಯಮದಲ್ಲಿ ಅವಕಾಶ ಇದೆ. ಎಲ್ಲ ಪೋರ್ಟೂ ಅಷ್ಟು ಕೊಡಲ್ಲ, ಆದರೂ ಹೊಸ ಲ್ಯಾಪ್‌ಟಾಪ್‌ನ ಸಿ ಪೋರ್ಟಿಗೆ ನೇರವಾಗಿ ಹಾಕೋದೇ ಒಳ್ಳೆಯದು. ಸಿ ಪೋರ್ಟ್ ಮಾತ್ರ ಇರುವ ಮ್ಯಾಕ್‌ಬುಕ್ ಇದೆಯಾ? ಸಿ ತುದಿಯ ಡ್ರೈವನ್ನೇ ಕೊಳ್ಳಿ. ಅಡಾಪ್ಟರಿಗೆ ಅಡಾಪ್ಟರ್ ಸೇರಿಸುತ್ತಾ ಹೋದರೆ ಒಂದೊಂದು ಜೋಡಣೆಯಲ್ಲೂ ಒಂದಿಷ್ಟು ಸಡಿಲ, ಒಂದಿಷ್ಟು ನಷ್ಟ.

ಹಳೇ ಡ್ರೈವ್ ಮನೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಯುಎಸ್‌ಬಿ ಬದಲು ಫೈರ್‌ವೈರ್ ಅನ್ನುವ ಹಳೇ ಕನೆಕ್ಷನ್ ಇರಬಹುದು. ನನಗೆ ಆ ಕನೆಕ್ಷನ್ ಮೇಲೆ ಗೌರವ ಇದೆ. 400 ಮೆಗಾಬಿಟ್ ಅಂತ ಬರೆದಿದ್ದರೂ, ಒಂದೇ ಸಮ ಡೇಟಾ ಹರಿಸುವುದರಲ್ಲಿ ಅದು 480ರ ಯುಎಸ್‌ಬಿಯನ್ನು ಹಿಂದೆ ಹಾಕುತ್ತಿತ್ತು. ಆರು ಪಿನ್ನಿನ ಕೇಬಲ್ಲಿನಲ್ಲಿ ಕರೆಂಟು ಧಾರಾಳ. ಮಿನಿ ಡಿವಿ ಟೇಪಿನಲ್ಲಿ ಮದುವೆ ಶೂಟ್ ಮಾಡಿದ ವಿಡಿಯೋಗ್ರಾಫರ್‌ಗಳು ಟೇಪಿನಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದದ್ದೂ ಇದರಲ್ಲೇ. ಆದರೆ ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಇಸಾಟಾ ಅನ್ನುವ ಇನ್ನೊಂದು ಹಳೇ ಕನೆಕ್ಷನ್ ಕೂಡ ಹಾಗೇ. ವೇಗ ಚೆನ್ನಾಗಿತ್ತು, ಆದರೆ ಕೇಬಲ್ಲಿನಲ್ಲಿ ಕರೆಂಟೇ ಬರುತ್ತಿರಲಿಲ್ಲ. ಇವತ್ತು ಇವೆರಡನ್ನೂ ಹುಡುಕಿಕೊಂಡು ಹೋಗಬೇಡಿ.

ಡಿವಿಡಿಗಿಂತ ಹೆಚ್ಚು ಡೇಟಾ ಹಿಡಿಯುವ ಬ್ಲೂ-ರೇ ಡಿಸ್ಕ್ ಬರೆಯುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿ 1ಎಕ್ಸ್ ಅಂದರೇನೇ ಸೆಕೆಂಡಿಗೆ 4.5 ಎಂಬಿ. 6ಎಕ್ಸ್ ಸ್ಲಿಮ್ ಡ್ರೈವಿಗೆ 27 ಎಂಬಿ ಬೇಕು, ಅದು ಯುಎಸ್‌ಬಿ 2.0ರ ಅಂಚಿಗೆ ಬಂದುಬಿಟ್ಟಿತು. 16ಎಕ್ಸ್‌ನ ದೊಡ್ಡ ಡ್ರೈವಿಗೆ 72 ಎಂಬಿ, ಅದು 2.0ರಲ್ಲಿ ಸಾಧ್ಯವೇ ಇಲ್ಲ. ಅವರು ಕಣ್ಣು ಮುಚ್ಚಿ 3.0 ತಗೊಳ್ಳಲಿ. ವಾರಕ್ಕೆ ಹತ್ತಾರು ಡಿಸ್ಕ್ ಬರೆಯುವ ಸ್ಟುಡಿಯೋದವರು ಸ್ಲಿಮ್ ಡ್ರೈವ್ ಬಿಟ್ಟು, ಗೋಡೆಗೆ ಹಾಕುವ ಅಡಾಪ್ಟರ್ ಇರುವ ದೊಡ್ಡ ಡ್ರೈವ್ ಕೊಳ್ಳಲಿ. ಮೋಟಾರಿಗೆ 12 ವೋಲ್ಟ್ ಬೇರೆಯೇ ಬರುತ್ತದೆ. ಪೋರ್ಟಿನ ಮೇಲೆ ಡೇಟಾ ಬಿಟ್ಟರೆ ಬೇರೆ ಭಾರ ಇಲ್ಲ.

ಇನ್ನೊಂದು ಮಾತು. ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಸೋದನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಒಳ್ಳೆಯ ಡಿಸ್ಕ್‌ಗಳ ಆಯ್ಕೆ ಕಡಿಮೆ ಆಗುತ್ತಿದೆ. ಅದಕ್ಕೇ ಒಂದು ಡಿಸ್ಕ್ ಸುಮ್ನೆ ಹಾಳಾದರೂ ನನಗೆ ಹೊಟ್ಟೆ ಉರಿಯುತ್ತದೆ.

ಡ್ರೈವ್ ಮನೆಗೆ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು, ಹೀಗೆ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಇಡಿ. ಒಂದು ಖಾಲಿ ಡಿವಿಡಿ ಹಾಕಿ 4 ಜಿಬಿಗಿಂತ ಸ್ವಲ್ಪ ಜಾಸ್ತಿ ಡೇಟಾ ತುಂಬಿ. 8ಎಕ್ಸ್ ಆಯ್ಕೆ ಮಾಡಿ, ಬರೆದ ಮೇಲೆ ವೆರಿಫೈ ಮಾಡು ಅನ್ನುವುದಕ್ಕೂ ಟಿಕ್ ಹಾಕಿ. ಡಿಸ್ಕಿನ ಹೊರ ಅಂಚಿನ ಹತ್ತಿರ ಬಂದಾಗ ವೇಗ ಏರುತ್ತದೆ, ಕರೆಂಟಿನ ಕೊರತೆ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಫೇಲ್ ಆದರೆ ಬೇರೆ ಪೋರ್ಟಿನಲ್ಲಿ ಇನ್ನೊಮ್ಮೆ ನೋಡಿ. ಅಲ್ಲೂ ಫೇಲ್ ಆದರೆ ಬಿಲ್ ಸಮೇತ ವಾಪಸ್ ಕೊಟ್ಟುಬಿಡಿ.