ಆಲದ ಹಣ್ಣು ಕೆಂಪಾದಾಗ

ಈಗ ಪರದೆಯ ಮೇಲೆ ನಿಮಗೆ ಕಾಣುತ್ತಿರುವುದು ಬರೀ ಒಂದು ಆಲದ ಮರ. ಚಿತ್ರದುರ್ಗದಿಂದ ಜೋಗಿಮಟ್ಟಿಯ ಕಡೆಗೆ ಹೋಗುವ ದಾರಿಯ ಪಕ್ಕದ್ದು. ಇದರೊಳಗೆ ಪಾರಿವಾಳಗಳ ಒಂದು ಹಿಂಡೇ ಕುಳಿತಿದೆ ಎಂದರೆ ನೀವು ನಂಬುವುದಿಲ್ಲ. ಆದರೆ ನೋಡಿ, ಗಾಳಿ ಇಲ್ಲ, ಆದರೂ ಎಲೆ ಅಲುಗುತ್ತಿದೆ. ಕೆಳಗೆ ಬಿದ್ದ ಒಣ ಎಲೆಗಳ ಮೇಲೆ ಹಣ್ಣಿನ ಚೂರುಗಳು ಟಪ್ ಟಪ್ ಎಂದು ಉದುರುತ್ತಿವೆ. ಹಸಿರು ಪಾರಿವಾಳವನ್ನು ಹುಡುಕುವ ಕ್ರಮವೇ ಇದು: ಹಕ್ಕಿಗಿಂತ ಮೊದಲು ಹಣ್ಣಾದ ಮರವನ್ನು ಹುಡುಕಬೇಕು.

ಕ್ಯಾಮೆರಾವನ್ನು ಹತ್ತಿರಕ್ಕೆ ತರುತ್ತೇನೆ. ಬಲಗಡೆಯ ಕೊಂಬೆಯಲ್ಲಿ ತಲೆಕೆಳಗಾಗಿ ಜೋತು ಬಿದ್ದು ಹಣ್ಣು ಕೀಳುತ್ತಿದೆಯಲ್ಲ, ಅದೇ ಹಳದಿ ಕಾಲಿನ ಹಸಿರು ಪಾರಿವಾಳ. ನೆತ್ತಿ ಬೂದು ನೀಲಿ. ಕೊರಳಿನಿಂದ ಎದೆಯವರೆಗೆ ಹಳದಿ ಬೆರೆತ ಹಸಿರು. ಹೆಗಲ ಮೇಲೆ ಬದನೆ ಹೂವಿನ ಬಣ್ಣದ ಒಂದು ಮಚ್ಚೆ. ಮಡಿಸಿದ ರೆಕ್ಕೆಯ ಮೇಲೆ ತೆಳುವಾದ ಹಳದಿ ಗೆರೆ. ಕಣ್ಣನ್ನು ಗಮನಿಸಿ, ಒಳಗೆ ನೀಲಿ, ಅದರ ಸುತ್ತ ಗುಲಾಬಿ ಉಂಗುರ. ಕಾಲುಗಳಂತೂ ಮದುವಣಗಿತ್ತಿಯ ಪಾದದಂತೆ ಅರಿಸಿನ ಬಳಿದ ಹಳದಿ. ಈ ಕಾಲೇ ಇದರ ಗುರುತಿನ ಚೀಟಿ, ಏಕೆಂದರೆ ನಮ್ಮ ರಾಜ್ಯದ ಬೇರೆ ಹಸಿರು ಪಾರಿವಾಳಗಳ ಕಾಲು ಕೆಂಪು. ಹೆಣ್ಣಿನ ಬಣ್ಣ ಕೊಂಚ ಮಂಕು, ಉಳಿದಂತೆ ಗಂಡಿನ ಹಾಗೆಯೇ.

ಗಾತ್ರ ಸುಮಾರು 33 ಸೆಂಟಿಮೀಟರ್. ಅಂದರೆ ದುರ್ಗದ ಕೋಟೆಯ ಗೋಡೆಗಳಲ್ಲಿ ಗುಟುರು ಹಾಕುವ ಬೂದು ಪಾರಿವಾಳದಷ್ಟೇ. ಹೋಲಿಕೆ ಅಲ್ಲಿಗೆ ಮುಗಿಯಿತು. ಅದಕ್ಕೆ ಕಲ್ಲು, ಕಾಳು, ಮನುಷ್ಯರ ಸಹವಾಸ ಬೇಕು. ಇದಕ್ಕೆ ಮರ ಮತ್ತು ಹಣ್ಣು ಸಾಕು, ನೆಲಕ್ಕೆ ಇಳಿಯುವುದೇ ಅಪರೂಪ. ದನಿಯೂ ಗುಟುರಲ್ಲ, ಏರಿಳಿಯುವ ಇಂಪಾದ ಸಿಳ್ಳು. ಕೇಳಿಸಿಕೊಂಡವರು ಇದು ಪಾರಿವಾಳದ ದನಿಯೆಂದು ಒಪ್ಪುವುದಿಲ್ಲ.

ಬಯಲುಸೀಮೆಯಲ್ಲಿ ಇಂಥ ಬಣ್ಣದ ಹಕ್ಕಿ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಮಲೆನಾಡಿನದ್ದು ದಾರಿ ತಪ್ಪಿ ಬಂದಿರಬೇಕು ಎನ್ನುವವರೂ ಇದ್ದಾರೆ. ಅದು ತಿರುಗುಮುರುಗಾದ ತರ್ಕ. ದಟ್ಟ ನಿತ್ಯಹರಿದ್ವರ್ಣ ಕಾಡು ಇದರ ಮನೆಯಲ್ಲ. ಘಟ್ಟದಲ್ಲಿ ಇರುವುದು ಹೆಚ್ಚಾಗಿ ಇದರ ದಾಯಾದಿಯಾದ ಇನ್ನೊಂದು ಹಸಿರು ಪಾರಿವಾಳ, ಅದರ ಗಂಡಿನ ಬೆನ್ನು ಕಂದುಗೆಂಪು. ಹಳದಿ ಕಾಲಿನದ್ದು ಎಲೆ ಉದುರಿಸುವ ಕಾಡು, ತೋಪು, ತೋಟ, ಸಾಲುಮರಗಳ ಹಕ್ಕಿ. ಪಾಕಿಸ್ತಾನದಿಂದ ಹಿಡಿದು ಭಾರತದ ಬಹುಭಾಗ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್ ದಾಟಿ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯೆಟ್ನಾಂವರೆಗೆ ಹಬ್ಬಿದೆ. ಶ್ರೀಲಂಕಾದಲ್ಲಿ ಮಾತ್ರ ಬಲು ಅಪರೂಪ. ಉತ್ತರದವುಗಳ ಹೊಟ್ಟೆ ಬೂದು, ನಮ್ಮವುಗಳದ್ದು ಹಳದಿ ಹಸಿರು. ಪಕ್ಕದ ಮಹಾರಾಷ್ಟ್ರ ಇದನ್ನೇ ಹರಿಯಾಲ್ ಎಂದು ಕರೆದು ರಾಜ್ಯಪಕ್ಷಿ ಮಾಡಿಕೊಂಡಿದೆ. ನಮ್ಮ ನೀಲಕಂಠದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅವರ ಆಯ್ಕೆಯೂ ಭರ್ಜರಿಯಾಗಿದೆ.

ಈಗ ಮರದ ವಿಷಯಕ್ಕೆ ಬರೋಣ. ಆಲ, ಅರಳಿ, ಬಸರಿ, ಗೋಣಿ, ಅತ್ತಿ, ಎಲ್ಲವೂ ಒಂದೇ ಕುಲ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಮಾತಿದೆಯಲ್ಲ, ಆ ಹುಳಗಳಲ್ಲಿಯೇ ಗುಟ್ಟಿದೆ. ಈ ಮರಗಳ ಪರಾಗಸ್ಪರ್ಶ ಮಾಡುವುದು ಹಣ್ಣಿನೊಳಗೇ ಹುಟ್ಟುವ ಪುಟ್ಟ ಕಣಜಗಳು. ಹೊರಬಂದ ಕಣಜದ ಆಯುಷ್ಯ ಒಂದೆರಡು ದಿನ, ಅಷ್ಟರೊಳಗೆ ಅದಕ್ಕೆ ಎಳೆಗಾಯಿ ಬಿಟ್ಟ ಇನ್ನೊಂದು ಮರ ಸಿಗಬೇಕು. ಹಾಗಾಗಿ ಸುತ್ತಲಿನ ಮರಗಳೆಲ್ಲ ಒಟ್ಟಿಗೆ ಹಣ್ಣಾದರೆ ಕಣಜದ ವಂಶ ಅಲ್ಲಿಗೇ ನಿಲ್ಲುತ್ತದೆ. ಒಂದರ ಹಣ್ಣು ಮುಗಿಯುವಾಗ ಮತ್ತೊಂದು ಕಾಯಿ ಬಿಟ್ಟಿರುತ್ತದೆ. ಪಾರಿವಾಳದ ಹಿಂಡು ಬೇಸಿಗೆಯಲ್ಲೂ ಮರದಿಂದ ಮರಕ್ಕೆ ತಿರುಗಿ ಬದುಕುವುದು ಇದರಿಂದಲೇ.

ಹಾಗೆಂದು ಈ ಹಕ್ಕಿ ಮರದ ಋಣ ತೀರಿಸುತ್ತದೆ ಎಂದುಕೊಳ್ಳಬೇಡಿ. ಕೋಗಿಲೆ, ಪಿಕಳಾರ, ಕುಟುರ ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಗೆಯೇ ಬಿಡುತ್ತವೆ. ಹಸಿರು ಪಾರಿವಾಳದ ಜಠರದ ಗಟ್ಟಿ ಸ್ನಾಯುಗಳು ಬೀಜವನ್ನೂ ಅರೆದು ಹಿಟ್ಟು ಮಾಡುತ್ತವೆ. ಬೀಜ ಬಿತ್ತುವ ಹಕ್ಕಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಹೊಗಳುವ ಅಭ್ಯಾಸವಿದೆ, ನನಗೆ ಅದು ಸರಿ ಕಾಣುವುದಿಲ್ಲ. ಚೆಂದದ ಹಕ್ಕಿ ಉಪಕಾರಿಯೂ ಆಗಿರಲೇಬೇಕೆಂದಿಲ್ಲವಲ್ಲ!

ಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರವನ್ನೂ ತೋರಿಸುವುದಿಲ್ಲ. ಬೇಸಿಗೆಯಲ್ಲಿ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಎರಡು ಬಿಳಿ ಮೊಟ್ಟೆ ಇಡುತ್ತದೆ. ಗೂಡಿನ ಬಳಿ ಕ್ಯಾಮೆರಾ ಹಿಡಿದು ನಿಂತರೆ ಕಾಗೆಗೆ ದಾರಿ ತೋರಿಸಿದ ಹಾಗಾಗುತ್ತದೆ.

ಸದ್ಯಕ್ಕೆ ಈ ಜಾತಿ ಅಪಾಯದ ಪಟ್ಟಿಯಲ್ಲಿಲ್ಲ. ಆದರೆ ಹೆದ್ದಾರಿ ಅಗಲವಾಗುವಾಗ ಉರುಳುವ ಸಾಲುಮರಗಳಲ್ಲಿ ಆಲ, ಗೋಣಿಗಳೇ ಎಷ್ಟೋ. ಬದಲಿಗೆ ನಡುವಿನ ಪಟ್ಟಿಯಲ್ಲಿ ನೆಡುವ ಕಣಗಿಲೆ, ಬೋಗನ್‌ವಿಲ್ಲಾ ಇದರ ಹೊಟ್ಟೆಗೆ ಆಗುವುದಿಲ್ಲ.

ನೋಡಬೇಕೆಂದಿರುವವರು ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ಹೊರಡಿ. ಎಲೆಯಿಲ್ಲದ ಎತ್ತರದ ಕೊಂಬೆಯ ತುದಿಗಳಲ್ಲಿ ಇಡೀ ಹಿಂಡು ಬಿಸಿಲು ಕಾಯಿಸುತ್ತಾ ಕುಳಿತಿರುತ್ತದೆ. ಎಲೆಯ ಮರೆಗೆ ಹೋದ ಮೇಲೆ ಚಪ್ಪಾಳೆ ತಟ್ಟಿ ಎಬ್ಬಿಸಲು ಹೋಗಬೇಡಿ. ಭರ್ ಎಂದು ಒಟ್ಟಿಗೆ ಹಾರಿಹೋದರೆ ನಿಮಗೂ ಕಾಣಿಸುವುದಿಲ್ಲ, ಅವಕ್ಕೂ ತಿಂಡಿ ತಪ್ಪುತ್ತದೆ.