ಅನಿಲಕ್ಕೆ ದಾರಿ ಬಿಡಿ

ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ರೇಡಿಯೋ ಹಚ್ಚಿಕೊಂಡು ಕೂತ ಹತ್ತನೇ ತರಗತಿಯ ಮಕ್ಕಳಿಗೂ ಅವರ ವಿಜ್ಞಾನ ಶಿಕ್ಷಕರಿಗೂ ನಮಸ್ಕಾರ.

ಸತುವಿಗೆ ಆಮ್ಲ ಸೇರಿದರೆ ಹೈಡ್ರೋಜನ್. ಬೋರ್ಡಿನ ಮೇಲೆ ಸಮೀಕರಣ ಬರೆದು ಒರೆಸಿಬಿಟ್ಟರೆ ಮುಗಿಯಿತೆ? ಇಲ್ಲರೀ, ಕಣ್ಣಿಗೆ ಕಾಣಬೇಕು. ಪ್ರನಾಳಕ್ಕೆ, ಅಂದರೆ ಟೆಸ್ಟ್ ಟ್ಯೂಬಿಗೆ, ನಾಲ್ಕೈದು ಸತುವಿನ ಚೂರು ಹಾಕಿ, 5 ಮಿಲಿಲೀಟರ್ ಸಾರರಿಕ್ತ, ಅಂದರೆ ನೀರು ಬೆರೆತು ತೆಳುವಾದ, ಸಲ್ಫ್ಯೂರಿಕ್ ಆಮ್ಲ ಸುರಿಯಿರಿ. ಗುಳ್ಳೆ ಏಳಲು ತಡವಾದರೆ ಆಮ್ಲವನ್ನು ಗಟ್ಟಿ ಮಾಡಲು ಹೋಗಬೇಡಿ. ಸತು ತೀರಾ ಶುದ್ಧವಿದ್ದರೂ ಹೀಗಾಗುತ್ತದೆ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣ ಒಂದೆರಡು ಹನಿ ಬಿಟ್ಟರೆ ಸತುವಿನ ಮೈಮೇಲೆ ತಾಮ್ರ ಕಪ್ಪಗೆ ಕೂತು ಕ್ರಿಯೆ ಚುರುಕಾಗುತ್ತದೆ. ಪ್ರನಾಳದ ಬಾಯಿಗೆ ಜೋಡಿಸಿದ ನಳಿಗೆಯಿಂದ ಅನಿಲವನ್ನು ಬಟ್ಟಲಿನ ಸಾಬೂನು ನೀರಿಗೆ ಬಿಡಿ. ಆಮೇಲೆ ಆ ಬಟ್ಟಲನ್ನು ಮಾರುದೂರ ಸರಿಸಿ, ಉದ್ದ ಕಡ್ಡಿಯಿಂದ ನೊರೆಗೆ ಉರಿ ತಾಗಿಸಿ. ಪಟ್! ಉರಿ ಪ್ರನಾಳದ ಹತ್ತಿರ ಸುಳಿಯಬಾರದು, ನಳಿಗೆ ಕಟ್ಟಿಕೊಳ್ಳಬಾರದು. ಅನಿಲಕ್ಕೆ ದಾರಿ ಬಿಡಿ.

ಸತುವಿನ ಬದಲು ಕಬ್ಬಿಣ ಹಿಡಿದು ಇದನ್ನೇ ದೊಡ್ಡದಾಗಿ ಮಾಡಿದವನು ಫ್ರಾನ್ಸಿನ ಜ್ಯಾಕ್ ಚಾರ್ಲ್ಸ್. 1783ರ ಆಗಸ್ಟ್, ಪ್ಯಾರಿಸ್. ಸುಮಾರು ಅರ್ಧ ಟನ್ ಕಬ್ಬಿಣದ ಚೂರು, ಕಾಲು ಟನ್ ಗಂಧಕಾಮ್ಲ, ಅದೇ ಸಲ್ಫ್ಯೂರಿಕ್ ಆಮ್ಲ. ಎದ್ದ ಅನಿಲ ಸೀಸದ ಕೊಳವೆ ಹಿಡಿದು ರಬ್ಬರ್ ಬಳಿದ ರೇಷ್ಮೆ ಬಲೂನಿಗೆ. ಆದರೆ ಈ ಕ್ರಿಯೆ ಬಿಸಿ ಹುಟ್ಟಿಸುತ್ತದೆ, ಬಿಸಿ ಅನಿಲ ಆರಿದಂತೆ ಕುಗ್ಗುತ್ತದೆ. ತುಂಬಿದಷ್ಟೂ ಬಲೂನು ಸೊರಗುತ್ತಿತ್ತು, ದಿನಗಟ್ಟಲೆ ತುಂಬಬೇಕಾಯಿತು. ಕಡೆಗೆ 27ರಂದು ಏರಿತು. ಮುಕ್ಕಾಲು ಗಂಟೆ ಹಾರಿ ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಕಂಡರಿಯದ ಪ್ರಾಣಿಯೆಂದು ಹೆದರಿದ ರೈತರು ಕವೆಗೋಲು ತಂದು ಚುಚ್ಚಿ ಹರಿದುಹಾಕಿದರು!

ಸಮಯ ಕಡಿಮೆ, ಪ್ರತ್ಯಾಮ್ಲದ ಮಾತು ಹಾಗೇ ಉಳಿದಿದೆ. ಕಾಸ್ಟಿಕ್ ಸೋಡಾ ಎಂಬ ಪ್ರತ್ಯಾಮ್ಲದ ದ್ರಾವಣಕ್ಕೆ ಅಲ್ಯೂಮಿನಿಯಂ ಬಿದ್ದರೂ ಬರುವುದು ಅದೇ ಹೈಡ್ರೋಜನ್. ಮೊದಮೊದಲು ಏನೂ ಕಾಣದು, ಮೇಲಿನ ಆಕ್ಸೈಡ್ ಪೊರೆ ಕರಗಬೇಕಲ್ಲ. ತಾಳ್ಮೆಗೆಟ್ಟು ಇನ್ನಷ್ಟು ಹಾಕಿದಿರೋ, ಒಮ್ಮೆಲೇ ಕುದಿದು ಉಕ್ಕುತ್ತದೆ. 1 ಗ್ರಾಂ ಅಲ್ಯೂಮಿನಿಯಂ ಕೊಡುವ ಅನಿಲ ಸುಮಾರು 1.3 ಲೀಟರ್. ಮುಚ್ಚಳ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಅದಕ್ಕೇ ಮತ್ತೆ ಹೇಳುತ್ತೇನೆ, ದಾರಿ ಬಿಡಿ.

ತಾಮ್ರಕ್ಕೆ ಸಾರರಿಕ್ತ ಆಮ್ಲ ಹಾಕಿ ಗುಳ್ಳೆಗೆ ಕಾಯಬೇಡಿ, ಬರುವುದಿಲ್ಲ. ನೈಟ್ರಿಕ್ ಆಮ್ಲವಂತೂ ಬೇಡವೇ ಬೇಡ, ವಿಷದ ಹೊಗೆ. ಬಚ್ಚಲ ಮೋರಿಗೆ ಹಾಕುವ ಕಾಸ್ಟಿಕ್ ಪುಡಿಯನ್ನು ಅಲ್ಯೂಮಿನಿಯಂ ಬೋಗುಣಿಯಲ್ಲಿ ಕಲಸಬೇಡಿ, ಪ್ಲಾಸ್ಟಿಕ್ ಬಕೆಟ್ ಇರಲಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಇಂಡಿ ಲಿಂಬೆಯ ಉಪ್ಪಿನಕಾಯಿಯನ್ನೂ ಅಲ್ಯೂಮಿನಿಯಂ ಡಬ್ಬಿಗೆ ತುಂಬಬೇಡಿ, ಹುಳಿ ಉಪ್ಪು ಎರಡೂ ಸೇರಿ ತಳಕ್ಕೆ ತೂತು ಕೊರೆಯುತ್ತವೆ. ಪಿಂಗಾಣಿ ಭರಣಿ ಒಳ್ಳೆಯದು. ನಮಸ್ಕಾರ.