ಕೊಳೆರೋಗದ ಕುಲಗೋತ್ರ

ಕೇಳುಗರಿಗೆ ನಮಸ್ಕಾರ.

ನಾನು ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು. ಈಗ ಪೆರ್ಲದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಆ ತೋಟದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಮಾತು ಆರಂಭವಾಗಬೇಕು.

ಆ ವರ್ಷ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಮಳೆ ಬಿಡಲೇ ಇಲ್ಲ. ಎರಡನೆಯ ಸಲ ಮದ್ದು ಬಿಡುವ ಹೊತ್ತು ಮೀರಿತ್ತು, ಮರ ಏರುವವನು ಸಿಕ್ಕಿರಲಿಲ್ಲ. ಒಂದು ಬೆಳಗ್ಗೆ ನೀರು ಹರಿಯುವ ಕಣಿಯ ಬದಿಯ ಮರಗಳ ಬುಡದಲ್ಲಿ ಹಸಿರು ಕಾಯಿಗಳು ಉದುರಿ ಬಿದ್ದಿದ್ದವು. ತೊಟ್ಟಿನ ಹತ್ತಿರ ನೀರಿಳಿದಂತಹ ಕಲೆ, ಎರಡು ದಿನ ಕಳೆದಾಗ ಮೇಲೆ ಬಿಳಿ ಬೂಸ್ಟು. ಕೊಳೆರೋಗ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ತಂದು ಸುಣ್ಣ ಬೆರೆಸಿ ಹದ ಮಾಡುವಷ್ಟು ತಾಳ್ಮೆ ನನಗಿರಲಿಲ್ಲ. ಎಲೆಚುಕ್ಕಿ ರೋಗಕ್ಕೆಂದು ತಂದಿದ್ದ ಹೆಕ್ಸಾಕೊನಜೋಲ್ ಬಾಟಲಿ ಕೊಟ್ಟಿಗೆಯ ಅಟ್ಟದಲ್ಲಿತ್ತು. ಮೇಲೆ ‘ಶಿಲೀಂಧ್ರನಾಶಕ’ ಎಂದು ಬರೆದಿತ್ತು. ಕೊಳೆರೋಗವೂ ಶಿಲೀಂಧ್ರದ್ದೇ ತಾನೇ ಎಂದುಕೊಂಡು ಮರುದಿನವೇ ಅದನ್ನು ಸಿಂಪಡಿಸಿದೆವು. ಹತ್ತು ದಿನಗಳಲ್ಲಿ ಕಾಯಿ ಉದುರುವುದು ನಿಲ್ಲುವ ಬದಲು ಪಕ್ಕದ ಸಾಲಿಗೂ ಹಬ್ಬಿತು.

“ಮಾಷ್ಟ್ರೇ, ಮದ್ದು ಹಳೆಯದೋ?” ಎಂದು ಮದ್ದು ಸಿಂಪಡಿಸುವ ಗಟಾರ್ ಪಂಪು ಒತ್ತುವವನು ಕೇಳಿದ.

ಮದ್ದಿನಲ್ಲಿ ದೋಷವಿರಲಿಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ರೋಗದ ಕುಲಗೋತ್ರ ಮರೆತಿದ್ದ.

ಕೊಳೆರೋಗವನ್ನು ತರುವ ಫೈಟಾಫ್ತೊರಾ ಮೀಡಿಯೈ ನಿಜವಾದ ಶಿಲೀಂಧ್ರವೇ ಅಲ್ಲ. ನೂಲಿನಂತೆ ಬೆಳೆಯುತ್ತದೆ, ಬೂಸ್ಟಿನಂತೆ ಕಾಣುತ್ತದೆ. ಆದರೆ ವಂಶವಾಹಿಗಳನ್ನು ಓದಿ ನೋಡಿದರೆ ಅದರ ದಾಯಾದಿಗಳು ಕಡಲಿನ ಬಂಡೆಗಳಿಗೆ ಅಂಟಿಕೊಳ್ಳುವ ಕಂದು ಪಾಚಿಗಳು. ಅಣಬೆ, ಯೀಸ್ಟ್, ಎಲೆಚುಕ್ಕಿ ತರುವ ಕೊಲೆಟೋಟ್ರೈಕಮ್ ಇವೆಲ್ಲ ಬೇರೊಂದೇ ಮನೆತನ. ಆ ಮನೆತನವಾದರೋ ಪಾಚಿಗಳಿಗಿಂತ ಪ್ರಾಣಿಗಳಿಗೆ, ಅಂದರೆ ನಿಮಗೂ ನನಗೂ, ಹತ್ತಿರದ್ದು.

ಇದು ಬರೀ ಪುಸ್ತಕದ ವಂಶಾವಳಿಯಲ್ಲ. ನಿಜವಾದ ಶಿಲೀಂಧ್ರ ತನ್ನ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ತಾನೇ ತಯಾರಿಸಿಕೊಳ್ಳಬೇಕು. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಮೊದಲಾದವು ಆ ತಯಾರಿಯನ್ನು ತಡೆಯುತ್ತವೆ. ಫೈಟಾಫ್ತೊರಾ ಆ ಬಗೆಯ ವಸ್ತುವನ್ನು ತಯಾರಿಸುವುದೇ ಇಲ್ಲ. ಬೇಕಾದಾಗ ಗಿಡದಿಂದ ಕದಿಯುತ್ತದೆ. ಒಲೆಯೇ ಇಲ್ಲದ ಮನೆಗೆ ಹೋಗಿ ಒಲೆ ಆರಿಸಿದಂತಾಯಿತು ನನ್ನ ಕೆಲಸ. ಕಾರ್ಬೆಂಡಾಜಿಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಕೂಡ ಇದರ ಮೇಲೆ ನಡೆಯುವುದಿಲ್ಲ. ಇನ್ನು ಕೋಶದ ಗೋಡೆ: ಶಿಲೀಂಧ್ರದ್ದು ಏಡಿಯ ಚಿಪ್ಪಿನಲ್ಲಿರುವ ಕೈಟಿನ್, ಇದರದ್ದು ಮುಖ್ಯವಾಗಿ ಹತ್ತಿಯಲ್ಲಿರುವ ಸೆಲ್ಯುಲೋಸ್. ಇದರ ಬೀಜಾಣುಗಳಿಗೆ ಎರಡೆರಡು ಬಾಲಗಳಿದ್ದು, ಕಾಯಿಯ ಮೇಲಿನ ನೀರಿನ ಪಸೆಯಲ್ಲಿ ಅವು ಈಜುತ್ತವೆ. ಬಿಸಿಲು ಬಿದ್ದು ಕಾಯಿ ಒಣಗಿದರೆ ಅವುಗಳ ಆಟ ಮುಗಿಯಿತು. ಬಿಸಿಲು ಬೀಳದ ಆಟಿ ಅವುಗಳಿಗೆ ಹಬ್ಬ.

ಅಂದ ಹಾಗೆ, ಈ ರೋಗವನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದವರು ಮೈಸೂರು ಸರಕಾರದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್. 1910ರಲ್ಲಿ ಅವರ ವರದಿ ಬಂತು. ಅದಕ್ಕೂ ಮೊದಲೇ ‘ಕೊಳೆರೋಗ’ ಎಂಬ ನಮ್ಮ ಮಾತು ಲ್ಯಾಟಿನ್ ಹೆಸರುಗಳ ಸಾಲಿಗೆ ಸೇರಿತ್ತು: ಮೈಸೂರಿನ ಕಾಫಿ ಎಲೆ ಕೊಳೆಸುವ ಜೀವಿಗೆ 1876ರಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. ತಮಾಷೆಯೆಂದರೆ ಕಾಫಿಯ ಆ ಕೊಳೆರೋಗ ನಿಜವಾದ ಶಿಲೀಂಧ್ರದ್ದು, ಅಡಿಕೆಯ ಕೊಳೆರೋಗ ಅಲ್ಲ. ಕೊಳೆತದ್ದನ್ನು ಕಂಡು ಹೆಸರಿಟ್ಟ ನಮ್ಮ ಹಿರಿಯರ ತಪ್ಪೇನೂ ಇಲ್ಲ ಬಿಡಿ. ಸೂಕ್ಷ್ಮದರ್ಶಕವಿದ್ದವರೇ ಬಹುಕಾಲ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟಿದ್ದರು.

ಈಗ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಮದ್ದು ಏಕೆ ಹಳಸುತ್ತದೆ?

ಎಲೆಚುಕ್ಕಿಯ ಶಿಲೀಂಧ್ರದಂತಹವುಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಂಶವಾಹಿಗೂ ಒಂದೇ ಪ್ರತಿ. ಜಾಗದ ಆಧಾರ ಪತ್ರ ಒಂದೇ ಇದ್ದ ಹಾಗೆ. ಅದರಲ್ಲಿ ಒಂದಕ್ಷರ ತಿದ್ದಿದರೆ ತಿದ್ದಿದ್ದೇ ಜಾರಿಗೆ ಬರುತ್ತದೆ. ಕಾರ್ಬೆಂಡಾಜಿಮ್ ವಿಷಯದಲ್ಲಿ ಆದದ್ದು ಇದೇ. ಆ ಮದ್ದು ಹೋಗಿ ಹಿಡಿದುಕೊಳ್ಳುವ ಪ್ರೋಟೀನಿನ ವಂಶವಾಹಿಯಲ್ಲಿ ಒಂದಕ್ಷರ ಬದಲಾದರೆ ಹಿಡಿತ ತಪ್ಪುತ್ತದೆ. ಕೋಟಿಗಟ್ಟಲೆ ಬೀಜಾಣುಗಳಲ್ಲಿ ಒಂದಕ್ಕೆ ಆ ಬದಲಾವಣೆ ಆಕಸ್ಮಿಕವಾಗಿ ಆಗಿದ್ದರೂ ಸಾಕು. ಮದ್ದು ಉಳಿದವುಗಳನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. ಮದ್ದು ಅದಕ್ಕೆ ಹೊಸದೇನನ್ನೂ ಕಲಿಸುವುದಿಲ್ಲ, ಮೊದಲೇ ಇದ್ದದ್ದನ್ನು ಆರಿಸುತ್ತದೆ.

ಫೈಟಾಫ್ತೊರಾದಲ್ಲಿ ನಮ್ಮಲ್ಲಿರುವಂತೆ ಸಾಮಾನ್ಯವಾಗಿ ಎರಡು ಪ್ರತಿ. ಇಲ್ಲಿ ಲೆಕ್ಕ ಬೇರೆಯಾಗುತ್ತದೆ. ಈಗ ಕೊಳೆರೋಗಕ್ಕೆ ಬಳಸುವ ಮ್ಯಾಂಡಿಪ್ರೊಪಮಿಡ್ ಎಂಬ ಮದ್ದು ಸೆಲ್ಯುಲೋಸ್ ಗೋಡೆ ಕಟ್ಟುವ ಕಿಣ್ವವನ್ನೇ ತಡೆಯುತ್ತದೆ. ಫೈಟಾಫ್ತೊರಾದ ನೆಂಟನಾದ, ದ್ರಾಕ್ಷಿಗೆ ಬೂಜುರೋಗ ತರುವ ಜೀವಿಯಲ್ಲಿ ಇದರ ವಿರುದ್ಧದ ತಡೆಶಕ್ತಿ ಕಂಡುಬಂದಿದೆ. ಆದರೆ ಅದು ಸುಪ್ತ ಗುಣ: ಎರಡೂ ಪ್ರತಿಗಳು ಬದಲಾಗಿದ್ದರೆ ಮಾತ್ರ ಪ್ರಕಟವಾಗುತ್ತದೆ. ಮೆಟಲಾಕ್ಸಿಲ್ ಎಂಬ ಇನ್ನೊಂದು ಮದ್ದಿಗೆ ಈ ರಕ್ಷಣೆ ಸಿಗಲಿಲ್ಲ. ಅಲ್ಲಿ ಒಂದು ಪ್ರತಿ ಬದಲಾದರೂ ಅರ್ಧಂಬರ್ಧ ತಡೆಶಕ್ತಿ ಬಂದುಬಿಡುತ್ತದೆ. 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಅದು 1980ರಲ್ಲೇ ಐರ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಸೋತಿತು. ಅದೇ ಐರ್ಲೆಂಡ್, 1845ರಿಂದ ಆಲೂಗಡ್ಡೆಯ ಫೈಟಾಫ್ತೊರಾದಿಂದ ಕ್ಷಾಮ ಬಂದು ಸುಮಾರು ಹತ್ತು ಲಕ್ಷ ಜನ ಸತ್ತ ನಾಡು.

ಹಾಗಾದರೆ ನಮ್ಮ ಮೈಲುತುತ್ತು? ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ಕದಿಯದಿರಲೆಂದು ರಸ್ತೆ ಬದಿಯ ದ್ರಾಕ್ಷಿ ಬಳ್ಳಿಗೆ ತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಇಲ್ಲದ್ದನ್ನು ಮಿಯಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅದು ಫೈಟಾಫ್ತೊರಾದ ನೆಂಟನಿಗೆಂದೇ ಹುಟ್ಟಿದ ಮದ್ದು ಎಂಬುದನ್ನು ಗಮನಿಸಿ. ತಾಮ್ರ ಯಾವುದೋ ಒಂದು ಪ್ರೋಟೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೀಜಾಣುವಿನೊಳಗೆ ನುಗ್ಗಿ ಸಿಕ್ಕಸಿಕ್ಕ ಕಿಣ್ವಗಳನ್ನೆಲ್ಲ ಕೆಡಿಸುತ್ತದೆ. ಒಂದಕ್ಷರ ತಿದ್ದಿ ತಪ್ಪಿಸಿಕೊಳ್ಳುವ ದಾರಿ ಅಲ್ಲಿಲ್ಲ. ಆದ್ದರಿಂದಲೇ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬ ಅಜ್ಜನ ಕಾಲದ ಲೆಕ್ಕ ಈಗಲೂ ನಡೆಯುತ್ತಿದೆ. ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಆ ತಾಮ್ರ ಎಲ್ಲಿಗೂ ಹೋಗದೆ ತೋಟದ ಮಣ್ಣಿನಲ್ಲೇ ಸೇರುತ್ತಿದೆ. ಅದು ಬಂದ ರೋಗವನ್ನು ಗುಣಪಡಿಸುವುದೂ ಇಲ್ಲ, ರೋಗ ಬರುವ ಮೊದಲು ಗೊನೆಯ ಮೇಲೆ ಕೂತಿರಬೇಕು. ಹದ ತಪ್ಪಿದರೆ ಎಳೆಗಾಯಿ ಸುಟ್ಟುಹೋಗುತ್ತದೆ. ದ್ರಾವಣಕ್ಕೆ ಕತ್ತಿ ಅದ್ದಿ ನೋಡಿ. ಅಲಗಿಗೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದು ಅರ್ಥ.

ತಡೆದುಕೊಳ್ಳುವ ಅಡಿಕೆ ತಳಿಯನ್ನೇ ಮಾಡಬಾರದೇ ಎಂದು ತರಗತಿಯಲ್ಲಿ ಹುಡುಗರು ಕೇಳುತ್ತಿದ್ದರು. ಅಡಿಕೆ ಗಿಡ ನೆಟ್ಟು ಫಸಲು ನೋಡಲು ಐದಾರು ವರ್ಷ. ಅಷ್ಟರೊಳಗೆ ಫೈಟಾಫ್ತೊರಾದ ಎಷ್ಟು ತಲೆಮಾರು ಕಳೆದಿರುತ್ತದೆಯೋ ಲೆಕ್ಕವಿಲ್ಲ. ಅದರ ವಂಶವಾಹಿಗಳ ಜೋಡಣೆಯೂ ಬಲು ಚಾಲಾಕಿನದು. ಆಲೂಗಡ್ಡೆಯ ಫೈಟಾಫ್ತೊರಾದ ಸುಮಾರು 24 ಕೋಟಿ ಅಕ್ಷರಗಳ ಜೀನೋಮನ್ನು, ಅಂದರೆ ಅದರ ಇಡೀ ವಂಶವಾಹಿ ಬರಹವನ್ನು, 2009ರಲ್ಲಿ ಓದಿ ಮುಗಿಸಿದಾಗ, ಅದರ ಮುಕ್ಕಾಲು ಪಾಲು ಮತ್ತೆ ಮತ್ತೆ ಬರುವ ಅಕ್ಷರಗಳೇ ಎಂದು ಕಂಡಿತು. ದಿನನಿತ್ಯದ ಬದುಕಿನ ವಂಶವಾಹಿಗಳು ಪೇಟೆಯ ಮನೆಗಳಂತೆ ಒತ್ತೊತ್ತಾಗಿವೆ. ಗಿಡದ ಕಾವಲನ್ನು ಮುರಿಯುವ ಪ್ರೋಟೀನುಗಳ ವಂಶವಾಹಿಗಳು ಮಾತ್ರ ಗುಡ್ಡೆಯ ಒಂಟಿ ಮನೆಗಳ ಹಾಗೆ ದೂರದೂರ, ಆ ಪುನರಾವರ್ತನೆಗಳ ನಡುವೆ. ಅಲ್ಲಿ ಮುರಿದು ಕಟ್ಟುವ ಕೆಲಸ ಸದಾ ನಡೆಯುತ್ತಿರುತ್ತದೆ, ಪೇಟೆಗೆ ತೊಂದರೆಯಿಲ್ಲ.

ಇದರ ಜೊತೆಗೆ ಫೈಟಾಫ್ತೊರಾದ ಹಲವು ಪ್ರಭೇದಗಳಲ್ಲಿ ಎ1, ಎ2 ಎಂಬ ಎರಡು ಬಗೆಗಳಿವೆ. ಒಂದೇ ಬಗೆ ಇದ್ದಲ್ಲಿ ಅದು ತನ್ನದೇ ಪಡಿಯಚ್ಚುಗಳನ್ನು ಹುಟ್ಟಿಸುತ್ತ ಹೋಗುತ್ತದೆ. ಎರಡೂ ಸೇರಿದರೆ ಮಣ್ಣಿನಲ್ಲಿ ಬಹುಕಾಲ ಬಾಳುವ ದಪ್ಪ ಗೋಡೆಯ ಬೀಜಾಣು ಹುಟ್ಟುತ್ತದೆ, ಇಸ್ಪೀಟು ಎಲೆ ಕಲೆಸಿದಂತೆ ಗುಣಗಳೂ ಕಲೆಯುತ್ತವೆ. ಹಾಗೆಂದು ಪಡಿಯಚ್ಚುಗಳೇನೂ ಸಾಧುವಲ್ಲ. ಯುರೋಪಿನಲ್ಲಿ ಮೆರೆದ, ಆಲೂಗಡ್ಡೆಯ ಫೈಟಾಫ್ತೊರಾದ 13 ಎ2 ಎಂಬ ಒಂದು ವಂಶ 2010ರ ಸುಮಾರಿಗೆ ದಕ್ಷಿಣ ಭಾರತದ ಟೊಮೇಟೊ ಹೊಲಗಳನ್ನು ಹಾಳುಮಾಡಿತು. ಅದಕ್ಕೆ ಮೆಟಲಾಕ್ಸಿಲ್ ತಾಗುತ್ತಿರಲಿಲ್ಲ.

ಈ ಸಲ ನಮ್ಮ ತೋಟದಲ್ಲಿ ತುತ್ತು ತಂದಿಟ್ಟಾಗಿದೆ, ಸುಣ್ಣವೂ ಇದೆ. ಎಲೆಚುಕ್ಕಿಯ ಬಾಟಲಿಯ ಮೇಲೆ ‘ಕೊಳೆರೋಗಕ್ಕಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಬಾಕಿ ಉಳಿದದ್ದು ಒಂದೇ. ಕಣಿಯ ಬದಿಯ ಮೂರು ಮರಗಳ ಮಂಡೆಯಲ್ಲಿ ಕಳೆದ ವರ್ಷ ರೋಗ ಬಂದ ಗೊನೆಗಳು ಒಣಗಿ ಹಾಗೆಯೇ ನೇತಾಡುತ್ತಿವೆ, ಫೈಟಾಫ್ತೊರಾ ಬೇಸಗೆ ಕಳೆಯುವುದು ಅಂಥಲ್ಲೇ. ದೋಟಿ ತೆಗೆದುಕೊಂಡು ಬುಧವಾರ ಬರುತ್ತೇನೆ ಎಂದು ಪಂಪು ಒತ್ತುವವನು ಹೇಳಿದ್ದಾನೆ. ಅಷ್ಟರೊಳಗೆ ಮಳೆ ಹಿಡಿಯದಿದ್ದರೆ ಸಾಕು.

ನಮಸ್ಕಾರ.